ಚಳಿಯಲ್ಲಿ ಬೈಕಿನಿಂದ ಬಿದ್ದ ಮೇಲೆ: ರಸ್ತೆಬದಿಯಿಂದ ಮರುಸವಾರಿಯವರೆಗೆ

ಬೈಕಿನಿಂದ ಬಿದ್ದವರು ಎದ್ದು ನಿಂತು ಮೊದಲು ಆಡುವ ಮಾತು ಬಹುಮಟ್ಟಿಗೆ ಒಂದೇ: ‘ಏನೂ ಆಗಿಲ್ಲ.’ ಈ ಮಾತನ್ನು ಯಾವ ಕಾಲದಲ್ಲೂ ಪೂರ್ತಿ ನಂಬುವಂತಿಲ್ಲ, ಚಳಿಗಾಲದಲ್ಲಂತೂ ನಂಬಲೇಬಾರದು. ಬಿದ್ದ ಗಾಬರಿಯಲ್ಲಿ ರಕ್ತಕ್ಕೆ ಸೇರುವ ಅಡ್ರಿನಲಿನ್ ನೋವನ್ನು ಒಂದಷ್ಟು ಹೊತ್ತು ಅಡಗಿಸುತ್ತದೆ. ಅದಕ್ಕೆ ಮೊದಲೇ ಗಾಳಿಗೆ ಮರಗಟ್ಟಿದ ಕೈಕಾಲುಗಳಲ್ಲಿ ನೋವಿನ ಅರಿವು ಮಂದವಾಗಿರುತ್ತದೆ. ಮೈ ನಡುಗುತ್ತಿದ್ದರೆ ಅದು ಚಳಿಗೋ, ಗಾಬರಿಗೋ, ಒಳಗೆಲ್ಲೋ ರಕ್ತ ಸೋರುತ್ತಿರುವುದಕ್ಕೋ ಎಂದು ರಸ್ತೆಬದಿಯಲ್ಲಿ ಹೇಳುವುದು ಕಷ್ಟ. ಹೀಗೆ ಚಳಿಯು ಪೆಟ್ಟನ್ನು ಬಚ್ಚಿಡುವುದರಿಂದ, ಬಿದ್ದವರ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಬಿದ್ದ ಜಾಗದಲ್ಲಿ ಒಮ್ಮೆ, ಮೈ ಬೆಚ್ಚಗಾದ ಮೇಲೆ ಇನ್ನೊಮ್ಮೆ, ಮರುದಿನ ಮತ್ತೊಮ್ಮೆ, ಎರಡು ವಾರಗಳ ಆಸುಪಾಸಿನಲ್ಲಿ ಮಗದೊಮ್ಮೆ ದೇಹವನ್ನು ಹೊಸದಾಗಿ ನೋಡಬೇಕಾಗುತ್ತದೆ. ಮುಂದೆ ಹೇಳಿರುವುದೆಲ್ಲ ಅದೇ ಕ್ರಮದಲ್ಲಿದೆ.

ಬಿದ್ದ ಜಾಗದಲ್ಲಿ

ಉರುಳಾಟ ನಿಂತ ಕೂಡಲೇ ಬೈಕನ್ನು ಎತ್ತಲು ಓಡಬೇಕೆನ್ನಿಸುತ್ತದೆ. ಅದನ್ನು ತಡೆದುಕೊಳ್ಳಬೇಕು. ನಿಮ್ಮನ್ನು ಜಾರಿಸಿದ ತೆಳು ಹಿಮದ ಪದರವೋ ಒದ್ದೆ ಎಲೆಗಳೋ ಇನ್ನೂ ಅಲ್ಲೇ ಇವೆ. ಹಿಂದಿನಿಂದ ಬರುವ ವಾಹನವೂ ಅದೇ ಜಾಗದಲ್ಲಿ ಹಿಡಿತ ತಪ್ಪಿ, ನೀವು ಜಾರಿದ ದಿಕ್ಕಿನಲ್ಲೇ ಜಾರಿ ಬರಬಹುದು. ಆದ್ದರಿಂದ ನಡೆಯಲು ಸಾಧ್ಯವಿದ್ದವರು ತಿರುವಿನ ಹೊರ ಅಂಚಿನಲ್ಲಿ ನಿಲ್ಲದೆ, ಒಳ ಅಂಚಿಗೋ ತಡೆಗೋಡೆಯ ಆಚೆಗೋ ಸರಿದು, ವಾಹನಗಳು ಬರುವ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ಎಂಜಿನ್ ಇನ್ನೂ ಓಡುತ್ತಿದ್ದರೆ ಅದನ್ನು ನಿಲ್ಲಿಸುವುದು, ಪೆಟ್ರೋಲ್ ಸೋರುತ್ತಿದೆಯೇ ಎಂದು ನೋಡುವುದು, ಬರುವ ವಾಹನಗಳಿಗೆ ಸಾಕಷ್ಟು ಹಿಂದಿನಿಂದಲೇ ಎಚ್ಚರಿಕೆ ಕೊಡುವುದು ಜೊತೆಯಲ್ಲಿರುವವರ ಕೆಲಸ.

ಕತ್ತು ಅಥವಾ ಬೆನ್ನು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಬೆರಳು ಆಡಿಸಲು ಆಗದಿದ್ದರೆ, ವಾಹನ ಮೈಮೇಲೆ ಬರುವ ಅಪಾಯ ಕಣ್ಣೆದುರಿಗೆ ಇಲ್ಲದ ಹೊರತು ಅಲುಗಾಡಬಾರದು. ಚಳಿಯಿಂದ ಬಂದ ಜೋಮನ್ನೂ ಬೆನ್ನುಹುರಿಯ ಪೆಟ್ಟಿನಿಂದ ಬಂದ ಜೋಮನ್ನೂ ಆ ಕ್ಷಣದಲ್ಲಿ ಬೇರ್ಪಡಿಸಿ ನೋಡಲಾಗುವುದಿಲ್ಲ. ಅನುಮಾನವಿದ್ದಾಗ ಬೆನ್ನುಹುರಿಗೆ ಪೆಟ್ಟಾಗಿದೆ ಎಂದೇ ನಡೆದುಕೊಳ್ಳುವುದು ಕ್ಷೇಮ. ಹೆಲ್ಮೆಟ್ಟಿನ ಮುಂಗಾಜನ್ನು ಮೇಲೆತ್ತಬಹುದು, ಆದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು. ಬಿದ್ದವರಿಗೆ ಉಸಿರಾಟ ನಿಂತಿದ್ದರೆ ಅಥವಾ ವಾಂತಿಯಿಂದ ಉಸಿರು ಕಟ್ಟುತ್ತಿದ್ದರೆ ಮಾತ್ರ ಅದನ್ನು ತೆಗೆಯಬೇಕಾಗುತ್ತದೆ. ಆಗಲೂ ಒಬ್ಬರು ಕುತ್ತಿಗೆ ಮತ್ತು ದವಡೆಯನ್ನು ಅಲುಗದಂತೆ ಹಿಡಿದುಕೊಂಡಿರಬೇಕು, ಇನ್ನೊಬ್ಬರು ನಿಧಾನವಾಗಿ ಹೆಲ್ಮೆಟ್ ಕಳಚಬೇಕು.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಾಯದ ಮೇಲೆ ನೇರವಾಗಿ ಒತ್ತಿ ಹಿಡಿಯಬೇಕು. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುವ ಕುತೂಹಲ ಬೇಡ. ಇದರ ಜೊತೆಜೊತೆಗೇ ಮೈಯ ಕಾವನ್ನು ಕಾಪಾಡಬೇಕು, ಏಕೆಂದರೆ ದೇಹ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವ ಕ್ರಿಯೆ ನಿಧಾನವಾಗುತ್ತದೆ, ಮತ್ತು ರಕ್ತ ಕಳೆದುಕೊಂಡ ದೇಹ ಇನ್ನಷ್ಟು ಬೇಗ ತಣ್ಣಗಾಗುತ್ತದೆ. ಮೇಲಿಂದ ಹೊದಿಸುವುದನ್ನು ಎಲ್ಲರೂ ಮಾಡುತ್ತಾರೆ. ಕೆಳಗಿಂದ ಹಾಸುವುದನ್ನು ಮರೆಯುತ್ತಾರೆ. ತಣ್ಣನೆಯ ನೆಲ ದೇಹದ ಶಾಖವನ್ನು ನೇರವಾಗಿ ಹೀರಿಕೊಳ್ಳುವುದರಿಂದ ಜಾಕೆಟ್ಟು, ಮಳೆಅಂಗಿ, ಬೈಕಿನ ಚೀಲ, ಸಿಕ್ಕಿದ್ದನ್ನು ಕೆಳಗೆ ಸೇರಿಸಬೇಕು. ಬೆನ್ನಿಗೆ ಪೆಟ್ಟಾದ ಅನುಮಾನವಿರುವವರನ್ನು ಇದಕ್ಕಾಗಿ ಎತ್ತಿ ಹೊರಳಿಸುವುದು ಮಾತ್ರ ಬೇಡ. ಅವರಿಗೆ ಗಾಳಿ ಬೀಸುವ ಕಡೆಯಿಂದ ಅಡ್ಡ ಕೂತರೂ ಉಪಕಾರವೇ.

ದೇಹದ ಒಳಗಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಶೀತಾಘಾತವೆಂದು ಪರಿಗಣಿಸಲಾಗುತ್ತದೆ. ಥರ್ಮಾಮೀಟರ್ ಇಲ್ಲದೆಯೂ ಅದನ್ನು ಗುರುತಿಸಬಹುದು: ಮಾತು ತೊದಲುತ್ತದೆ, ನಡಿಗೆ ತಡವರಿಸುತ್ತದೆ, ಜಿಪ್ ಎಳೆಯಲೂ ಬೆರಳು ಬಾರದಂತಾಗುತ್ತದೆ. ತಲೆಗೆ ಪೆಟ್ಟಾದಾಗಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುವುದರಿಂದ, ತೊದಲುತ್ತಿರುವ ಗೆಳೆಯನನ್ನು ‘ಚಳಿಗೆ ಹಾಗಾಗಿದೆ’ ಎಂದು ತೀರ್ಮಾನಿಸಿ ಬಿಟ್ಟುಬಿಡುವಂತಿಲ್ಲ. ಜೋರಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಸಮಾಧಾನ ಪಡಬಾರದು. ತಾಪಮಾನ 32 ಡಿಗ್ರಿಯ ಆಸುಪಾಸಿಗೆ ಇಳಿದಾಗ ದೇಹಕ್ಕೆ ನಡುಗುವ ಶಕ್ತಿಯೂ ಹೋಗುತ್ತದೆ. ಬೆಚ್ಚಗಾಗಲೆಂದು ಮದ್ಯ ಕೊಡುವುದು ತೀರಾ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ದೊಡ್ಡ ಪೆಟ್ಟಿನ ಸಂಶಯವಿದ್ದವರಿಗೆ ಬಿಸಿ ಪಾನೀಯವನ್ನೂ ಕೊಡಬಾರದು, ಏಕೆಂದರೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿಯಿರುವುದು ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ: ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಕೈಕೊಡುತ್ತದೆ. ತುರ್ತು ಸಂಖ್ಯೆಗೆ ಕರೆ ಮಾಡಿ ಜಾಗ ತಿಳಿಸಿದ ಮೇಲೆ ಫೋನನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಅದೇ ಬೈಕಿನಲ್ಲಿ ಮುಂದುವರಿಯಬಹುದೇ ಎಂಬ ತೀರ್ಮಾನವನ್ನು ರಸ್ತೆಬದಿಯಲ್ಲಿ ಮಾಡಲೇಬಾರದು.

ಬೆಚ್ಚಗಾದ ಮೇಲೆ

ಬೆಚ್ಚಗಿನ ಕೋಣೆಗೆ ಬಂದು ನಡುಕ ನಿಂತ ನಂತರದ ಹೊತ್ತೇ ನಿಜವಾದ ಪರೀಕ್ಷೆಯ ಹೊತ್ತು. ಮರಗಟ್ಟಿದ್ದ ನರಗಳು ಎಚ್ಚರಗೊಂಡು, ಅಡ್ರಿನಲಿನ್ ಇಳಿದು, ಆವರೆಗೆ ಸುಮ್ಮನಿದ್ದ ಮಣಿಕಟ್ಟು, ಮೊಣಕಾಲು, ಪಕ್ಕೆಗಳು ಒಂದೊಂದಾಗಿ ನೋಯತೊಡಗುತ್ತವೆ. ಉಡುಪನ್ನೆಲ್ಲ ತೆಗೆದು, ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಿದ್ದರೆ ಇನ್ನೊಬ್ಬರ ಕಣ್ಣಿನಿಂದ ಮೈಯೆಲ್ಲವನ್ನೂ ನೋಡಿಸಬೇಕು. ದಪ್ಪ ಚಳಿಗಾಲದ ಉಡುಪು ಹರಿಯದೆ ಉಳಿದರೂ ಅದರಡಿಯಲ್ಲಿ ಚರ್ಮ ಕಂದಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು. ಕೈ ಊದಿಕೊಳ್ಳುವ ಮುಂಚೆಯೇ ಉಂಗುರ, ಬಳೆ, ಗಡಿಯಾರಗಳನ್ನು ಬಿಚ್ಚಿಡಬೇಕು. ತಡವಾದರೆ ಅವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಬೆರಳುಗಳು ಬಿಳಚಿಕೊಂಡು ಸ್ಪರ್ಶವೇ ತಿಳಿಯದಂತಾಗಿದ್ದರೆ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಬಿಸಿನೀರಿನ ಚೀಲ ಇಡಬಾರದು. ಸ್ಪರ್ಶವಿಲ್ಲದ ಚರ್ಮಕ್ಕೆ ಸುಟ್ಟದ್ದು ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿಡುವುದು ಸರಿಯಾದ ಕ್ರಮ. ನೀರಿನ ಬಿಸಿಯನ್ನು ಮರಗಟ್ಟಿದ ಕೈಯಿಂದಲ್ಲದೆ ಜೊತೆಗಾರರ ಮೊಣಕೈಯಿಂದ ಪರೀಕ್ಷಿಸಬೇಕು. ಮತ್ತೆ ಚಳಿಗೆ ಹೊರಡುವುದಿದ್ದರೆ ಮಾತ್ರ ಹಾಗೆ ಕಾಯಿಸುವುದು ಬೇಡ, ಏಕೆಂದರೆ ಒಮ್ಮೆ ಕರಗಿದ ಅಂಗಾಂಶ ಮರಳಿ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಉಳುಕಿದ ಜಾಗಕ್ಕೆ ಮಂಜುಗಡ್ಡೆ ಇಡುವ ಪರಿಚಿತ ಸಲಹೆಯನ್ನೂ ಇಲ್ಲಿ ಸ್ವಲ್ಪ ತಡೆಹಿಡಿಯಬೇಕು. ಮೊದಲು ಮೈ ಬೆಚ್ಚಗಾಗಲಿ. ಆಮೇಲೆ ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟರೆ ಸಾಕು.

ಈ ಹಂತದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹೊಟ್ಟೆ. ಹ್ಯಾಂಡಲ್ಲಿನ ತುದಿ ತಿವಿದರೆ ಚರ್ಮದ ಮೇಲೆ ಒಂದು ಸಣ್ಣ ಗುರುತಷ್ಟೇ ಉಳಿಯಬಹುದು, ಆದರೆ ಒಳಗೆ ಗುಲ್ಮವೋ (ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಸ್ಪ್ಲೀನ್) ಯಕೃತ್ತೋ ಸೀಳಿ ನಿಧಾನವಾಗಿ ರಕ್ತ ಸೋರುತ್ತಿರಬಹುದು. ಭುಜಕ್ಕೆ ಏಟೇ ಬಿದ್ದಿರದಿದ್ದರೂ ಎಡಭುಜದ ತುದಿ ನೋಯುತ್ತಿದ್ದರೆ ಅದು ಗುಲ್ಮದ ಗಾಯದ ಸೂಚನೆಯಾಗಿರಬಹುದು. ಹೊಟ್ಟೆ ಬಿಗಿಯುವುದು, ಮೂತ್ರದಲ್ಲಿ ರಕ್ತ, ಎದ್ದು ನಿಂತರೆ ಕಣ್ಣು ಕತ್ತಲೆ, ಬೆಚ್ಚಗಾದ ಮೇಲೂ ತಣ್ಣಗೆ ಬೆವರುವ ಬಿಳಚಿದ ಚರ್ಮ, ವೇಗದ ನಾಡಿ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ತಲೆಗೆ ಪೆಟ್ಟಾಗಿದ್ದರೆ, ಅಥವಾ ಹೆಲ್ಮೆಟ್ ಎಲ್ಲಾದರೂ ಬಡಿದ ಗುರುತಿದ್ದರೆ, ಮೊದಲ 24ರಿಂದ 48 ಗಂಟೆ ಒಂಟಿಯಾಗಿ ಇರಬಾರದು. ಹೆಚ್ಚುತ್ತಲೇ ಹೋಗುವ ತಲೆನೋವು, ಮರುಕಳಿಸುವ ವಾಂತಿ, ಕೇಳಿದ್ದನ್ನೇ ಕೇಳುವ ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಒಂದು ಕಡೆಯ ಕೈಕಾಲಿನ ಬಲಹೀನತೆ, ಎರಡು ಕಣ್ಣುಗಳ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ತಿಳಿನೀರು, ಫಿಟ್ಸ್, ಇವೆಲ್ಲ ತುರ್ತು ಲಕ್ಷಣಗಳು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಲಕ್ಷಣಗಳಿಲ್ಲದಿದ್ದರೂ ವೈದ್ಯರಿಗೆ ತೋರಿಸಿಕೊಳ್ಳಬೇಕು. ಕಾಲಿನ ಅಥವಾ ಮುಂಗೈಯ ನೋವು ಪೆಟ್ಟಿಗೆ ಮೀರಿ ಗಂಟೆಗಂಟೆಗೂ ಏರುತ್ತಿದ್ದು, ಸ್ನಾಯು ಕಲ್ಲಿನಂತೆ ಬಿಗಿದು, ಬೆರಳನ್ನು ಹಿಗ್ಗಿಸಿದರೆ ಜೀವ ಹೋದಂತಾಗುವುದಾದರೆ ಅದೂ ತುರ್ತು ಲಕ್ಷಣವೇ: ಸ್ನಾಯುವಿನ ಒಳಗಿನ ಒತ್ತಡ ರಕ್ತಸಂಚಾರವನ್ನೇ ತಡೆಯುತ್ತಿರಬಹುದು. ಆಗ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಅಂಗಕ್ಕೆ ಶಾಶ್ವತ ಹಾನಿಯಾಗುತ್ತದೆ.

ತರಚು ಗಾಯಗಳನ್ನು ಸವಾರರು ಹಗುರವಾಗಿ ಕಾಣುತ್ತಾರೆ. ಕುಡಿಯುವ ನೀರಿನಷ್ಟು ಶುದ್ಧವಾದ, ಹರಿಯುವ ನೀರಿನಲ್ಲಿ ಮರಳು ಮಣ್ಣೆಲ್ಲ ಹೋಗುವಂತೆ ತೊಳೆಯಬೇಕು. ಒಳಗೆ ಉಳಿದ ಕಣಗಳು ಸೋಂಕಿಗೆ ದಾರಿಯಾಗುವುದಲ್ಲದೆ ಚರ್ಮದಲ್ಲಿ ಶಾಶ್ವತವಾಗಿ ಕಪ್ಪು ಕಲೆಯಾಗಿ ನಿಲ್ಲುತ್ತವೆ. ಗಾಯವನ್ನು ಗಾಳಿಗೆ ಒಣಗಿಸಬೇಕೆಂಬ ನಂಬಿಕೆ ಹಳೆಯದು. ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಪಟ್ಟಿ ಹಾಕಿ, ತೇವ ಉಳಿಸಿಕೊಂಡರೆ ಹೊಸ ಚರ್ಮ ಬೇಗ ಬರುತ್ತದೆ. ರಸ್ತೆಯ ಕೊಳೆ ತಾಗಿದ ಗಾಯವಾದ್ದರಿಂದ, ಧನುರ್ವಾಯುವಿನ ಕೊನೆಯ ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ದಾಟಿದ್ದರೆ ಮತ್ತೊಂದು ಬೇಕೇ ಎಂದು ವೈದ್ಯರನ್ನು ಕೇಳಬೇಕು. ಸುತ್ತಲಿನ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಮನೆಮದ್ದಿನ ಹೊತ್ತು ಮುಗಿಯಿತೆಂದೇ ಅರ್ಥ.

ಮರುದಿನದಿಂದ ಎರಡು ವಾರ

ಮರುದಿನ ಬೆಳಿಗ್ಗೆ ಕತ್ತು ತಿರುಗಿಸಲಾಗದಷ್ಟು ಸೆಟೆದುಕೊಳ್ಳುವುದು ಸಾಮಾನ್ಯ. ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ ಕೊರಳಪಟ್ಟಿ ಕಟ್ಟಿಕೊಂಡು ಮಲಗುವುದಕ್ಕಿಂತ, ನೋವಿನ ಮಿತಿಯೊಳಗೆ ನಿಧಾನವಾಗಿ ಆಡಿಸುವುದರಿಂದಲೇ ಬೇಗ ಸರಿಹೋಗುತ್ತದೆ. ತಲೆಗೆ ಪೆಟ್ಟಾದವರಿಗೆ ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕು. ಆಮೇಲೂ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗದೆ, ಲಕ್ಷಣಗಳು ಹೆಚ್ಚಾಗದಂತೆ ನೋಡಿಕೊಂಡು ನಡಿಗೆ, ಓದು, ಕೆಲಸಗಳನ್ನು ಮೆಲ್ಲಗೆ ಶುರುಮಾಡಬೇಕು. ಲಕ್ಷಣಗಳು ಪೂರ್ತಿ ಹೋಗುವವರೆಗೆ ಬೈಕಿನ ಮಾತೇ ಬೇಡ.

ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ. ಆಗ ಮುರಿಯುವ ಒಂದು ಪುಟ್ಟ ಮೂಳೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಹೆಬ್ಬೆರಳನ್ನು ಅಗಲಿಸಿ ಮೇಲೆತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಬಳಿ, ಒಂದು ಕುಳಿ ಬೀಳುತ್ತದೆ. ಅಲ್ಲಿ ಒತ್ತಿದಾಗ ನೋಯುತ್ತಿದ್ದರೆ ಒಳಗಿರುವ ಸ್ಕ್ಯಾಫಾಯ್ಡ್ ಮೂಳೆ ಮುರಿದಿರಬಹುದು. ಈ ಮುರಿತ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣಿಸದೆ ಹೋಗುವುದುಂಟು. 10–14 ದಿನಗಳ ನಂತರ ಮತ್ತೊಮ್ಮೆ ತೆಗೆಸಿದಾಗ ಗೋಚರಿಸುತ್ತದೆ. ‘ಉಳುಕಷ್ಟೇ’ ಎಂದು ಬಿಟ್ಟರೆ, ಆ ಮೂಳೆಗೆ ಬರುವ ರಕ್ತದ ಪೂರೈಕೆಯೇ ಕಡಿಮೆಯಾದ್ದರಿಂದ, ಅದರ ಒಂದು ಭಾಗ ಸತ್ತು ಮಣಿಕಟ್ಟು ಜೀವನಪೂರ್ತಿ ನೋಯಬಹುದು. ಕ್ಲಚ್ಚು, ಬ್ರೇಕುಗಳೆರಡೂ ಮಣಿಕಟ್ಟಿನ ಮೇಲೆಯೇ ನಿಂತಿರುವ ಸವಾರನಿಗೆ ಇದು ಸಣ್ಣ ನಷ್ಟವಲ್ಲ.

ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತಾರೆ, ಕೆಮ್ಮನ್ನು ತಡೆಯುತ್ತಾರೆ. ಅದರಿಂದ ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ ಬರಬಹುದು. ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದು ಕೆಮ್ಮಬೇಕು, ಗಂಟೆಗೆ ಕೆಲವು ಬಾರಿ ಆಳವಾಗಿ ಉಸಿರೆಳೆಯಬೇಕು, ಅದಕ್ಕೆ ಸಾಕಾಗುವಷ್ಟು ನೋವು ನಿವಾರಕವನ್ನು ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರಿಗೆ ಮೀನಖಂಡ ಊದಿ ನೋಯತೊಡಗಿದರೆ, ಅಥವಾ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವ ಸಂಭವವಿದೆ, ಕೂಡಲೇ ತೋರಿಸಬೇಕು.

ಕಾಗದಪತ್ರಗಳ ವಿಷಯ ಚುಟುಕಾಗಿ: ರಸ್ತೆಯ ಸ್ಥಿತಿ, ಬೈಕು, ಉಡುಪು, ಗಾಯಗಳ ಫೋಟೊಗಳನ್ನೂ ವೈದ್ಯರ ಚೀಟಿಗಳನ್ನೂ ದಿನಾಂಕದೊಂದಿಗೆ ಕೂಡಿಡಬೇಕು. ‘ನನಗೆ ಗಾಯವಾಗಿಲ್ಲ’ ಎಂಬ ಹೇಳಿಕೆಗೆ ಅದೇ ದಿನ ಸಹಿ ಹಾಕಬಾರದು.

ಕೂಡುವ ಮೂಳೆ, ಚಳಿ ಸಹಿಸದ ಕೈ

ಬೈಕಿನಿಂದ ಬಿದ್ದವರಲ್ಲಿ ಪದೇ ಪದೇ ಮುರಿಯುವ ಕಾಲರ್ ಬೋನ್ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ನಾಲ್ಕೈದು ತಿಂಗಳಾದರೂ ಆಶ್ಚರ್ಯವಿಲ್ಲ. ಧೂಮಪಾನ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ ಎಂಬುದು ಚೆನ್ನಾಗಿ ತಿಳಿದಿರುವ ಸಂಗತಿ. ಊಟದಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಸಾಕಷ್ಟಿರಬೇಕು. ಬಿಸಿಲು ಕಡಿಮೆಯಿರುವ ಕಾಲದಲ್ಲಿ ಮನೆಯೊಳಗೇ ಇರುವವರು ವಿಟಮಿನ್ ಡಿ ಮಟ್ಟವನ್ನು ಪರೀಕ್ಷಿಸಿಕೊಳ್ಳುವ ಬಗ್ಗೆ ವೈದ್ಯರೊಂದಿಗೆ ಮಾತಾಡಬಹುದು. ಪ್ಲಾಸ್ಟರ್ ಬಿಚ್ಚಿದ ದಿನವೇ ಗುಣವಾದ ದಿನವೆಂದು ಭಾವಿಸಿ ಫಿಸಿಯೊಥೆರಪಿಯನ್ನು ಅರ್ಧಕ್ಕೆ ಬಿಡುವವರೇ ಹೆಚ್ಚು, ಆದರೆ ಕರಗಿದ ಸ್ನಾಯುವೂ ಬಿಗಿದ ಕೀಲೂ ಮೊದಲಿನಂತಾಗಲು ಆಗಿನ್ನೂ ಆರಂಭವಷ್ಟೇ.

ಚಳಿಯಲ್ಲಿ ಸವಾರಿ ಮಾಡುವವರು ಮುಂಚಿತವಾಗಿ ತಿಳಿದಿರಬೇಕಾದ ಒಂದು ಪರಿಣಾಮವಿದೆ. ಮುರಿದು ಕೂಡಿದ ಅಥವಾ ನರಕ್ಕೆ ಪೆಟ್ಟಾದ ಕೈ ಚಳಿಯನ್ನು ಮೊದಲಿನಂತೆ ಸಹಿಸುವುದಿಲ್ಲ. ಉಳಿದ ಬೆರಳುಗಳಿಗೆ ಏನೂ ಅನ್ನಿಸದ ತಂಪಿನಲ್ಲಿ ಆ ಬೆರಳುಗಳು ಬಿಳಚಿ, ಸೆಟೆದು, ನೋಯತೊಡಗುತ್ತವೆ. ಈ ತೊಂದರೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರುತ್ತದೆ. ಇದು ಹೊಸ ಗಾಯವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಆದರೆ ಮುಂದಿನ ಚಳಿಗಾಲದ ಸವಾರಿಯನ್ನು ಯೋಜಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಮಿತಿ.

ಮನಸ್ಸಿನ ಪೆಟ್ಟನ್ನೂ ಇದೇ ತೆರನಾಗಿ ಕಾಲ ಕೊಟ್ಟು ನೋಡಬೇಕು. ಮೊದಲ ಕೆಲವು ವಾರ ನಿದ್ದೆಯಲ್ಲಿ ಬೆಚ್ಚುವುದು, ಟೈರಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ಆ ರಸ್ತೆಯನ್ನು ತಪ್ಪಿಸಿ ಸುತ್ತಿ ಹೋಗುವುದು ಸಹಜವಾದ ಪ್ರತಿಕ್ರಿಯೆಗಳು, ಮತ್ತು ಹೆಚ್ಚಿನವರಲ್ಲಿ ತಾವಾಗಿಯೇ ಇಳಿಯುತ್ತವೆ. ತಿಂಗಳು ಕಳೆದರೂ ಇಳಿಯದೆ ಕೆಲಸಕ್ಕೋ ನಿದ್ದೆಗೋ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಇದಕ್ಕೆ ಪರಿಣಾಮಕಾರಿ ಚಿಕಿತ್ಸೆಗಳಿವೆ. ‘ಬಿದ್ದ ಮರುದಿನವೇ ಹತ್ತಿದರೆ ಭಯ ಹೋಗುತ್ತದೆ’ ಎಂದು ಹುರಿದುಂಬಿಸುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಮತ್ತೆಂದೂ ಬೈಕು ಹತ್ತದಿರಲು ನಿರ್ಧರಿಸುವವರೂ ಇದ್ದಾರೆ. ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಬೈಕು ಮತ್ತು ಉಡುಪು

ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕಿಲ್ಲದಿದ್ದರೂ ಬದಲಿಸಬೇಕು. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಅಮುಕಿಕೊಂಡು ಏಟನ್ನು ಹೀರಿದ ಮೇಲೆ ಎರಡನೆಯ ಏಟಿಗೆ ಉಪಯೋಗಕ್ಕೆ ಬರುವುದಿಲ್ಲ. ಜಾಕೆಟ್ಟಿನ ಹೊಲಿಗೆ, ಭುಜ ಮೊಣಕೈಗಳ ರಕ್ಷಾಕವಚ, ಬೂಟಿನ ಹಿಮ್ಮಡಿಯನ್ನೂ ನೋಡಬೇಕು.

ಬೈಕು ಮಗುಚಿ ಬಿದ್ದು ಬಹಳ ಹೊತ್ತು ಮಲಗಿದ್ದರೆ ಎಂಜಿನ್ ಆಯಿಲ್ ಸಿಲಿಂಡರಿಗೂ ಏರ್ ಫಿಲ್ಟರಿಗೂ ನುಗ್ಗಿರಬಹುದು. ನೋಡದೆ ಸ್ಟಾರ್ಟ್ ಮಾಡಿದರೆ ಒಳಗೆ ಭಾರಿ ಹಾನಿಯಾಗಬಹುದು. ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟ ತಕ್ಷಣ ತಾನೇ ಹಿಂದಕ್ಕೆ ಬರುತ್ತದೆಯೇ ಎಂದು ನೋಡಬೇಕು. ಫೋರ್ಕ್ ತಿರುಚಿದೆಯೇ, ಬ್ರೇಕಿನ ಡಿಸ್ಕ್ ಬಾಗಿದೆಯೇ, ಬ್ರೇಕ್ ಲಿವರ್ ಮೆತ್ತಗಾಗಿದೆಯೇ, ಚಕ್ರ ಓಲಾಡುತ್ತಿದೆಯೇ, ಚಾಸಿ ನೇರವಾಗಿದೆಯೇ ಎಂಬುದನ್ನು ಮೆಕ್ಯಾನಿಕ್ ಪರೀಕ್ಷಿಸಲಿ. ನೇರವಾಗಿ ಬಿಟ್ಟ ಬೈಕು ಒಂದು ಕಡೆಗೆ ಎಳೆಯುತ್ತಿದ್ದರೆ ಹ್ಯಾಂಡಲ್ ಸರಿಪಡಿಸಿದಷ್ಟಕ್ಕೇ ತೃಪ್ತರಾಗಬಾರದು.

ಮತ್ತೆ ಸವಾರಿ

ದಿನಗಳ ಲೆಕ್ಕಕ್ಕಿಂತ ದೇಹದ ಸಾಮರ್ಥ್ಯದ ಲೆಕ್ಕ ಮುಖ್ಯ. ವೈದ್ಯರ ಒಪ್ಪಿಗೆ ಸಿಕ್ಕ ಮೇಲೂ, ಎರಡೂ ಭುಜಗಳ ಮೇಲಿಂದ ನೋಡುವಷ್ಟು ಕತ್ತು ತಿರುಗಬೇಕು. ಬ್ರೇಕನ್ನು ಪೂರ್ತಿ ಬಲದಿಂದ ಹಲವಾರು ಸಲ ಹಿಂಡಿದರೂ ಕೈ ಸೋಲಬಾರದು. ಬೈಕು ಯಾವ ಕಡೆಗೆ ವಾಲಿದರೂ ಆ ಕಾಲು ಅದನ್ನು ತಡೆದು ನಿಲ್ಲಿಸಬೇಕು. ನಿದ್ದೆ ಬರಿಸುವ ನೋವಿನ ಮಾತ್ರೆಗಳು ಪೂರ್ತಿ ನಿಂತಿರಬೇಕು. ಮೊದಲ ಸವಾರಿಗೆ ಖಾಲಿ ಮೈದಾನ, ಒಣನೆಲ, ನಡುಹಗಲು ಸಾಕು. ಅಲ್ಲಿ ತುರ್ತಾಗಿ ಬ್ರೇಕ್ ಹಾಕುವುದನ್ನು, ಬಿಗಿ ತಿರುವು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿದ ಮೇಲೆಯೇ ರಸ್ತೆಗಿಳಿಯಬೇಕು. ಚಳಿಯ ಸವಾರಿ ಈ ಸಾಲಿನಲ್ಲಿ ಕೊನೆಯದು.

ಅದಕ್ಕೆ ಹೊರಡುವಾಗ ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲೇ ಅಳೆಯಬೇಕು, ಏಕೆಂದರೆ ಹೊರಗಿನ ತಾಪಮಾನ 10 ಡಿಗ್ರಿ ಇಳಿದರೆ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐನಷ್ಟು ಕುಸಿಯುತ್ತದೆ. ತಣ್ಣಗಿರುವ ರಬ್ಬರು ಗಡುಸಾಗಿ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಬೈಕನ್ನು ಹೆಚ್ಚು ವಾಲಿಸಬಾರದು, ಬ್ರೇಕನ್ನು ಮೆಲ್ಲಗೆ ಹಿಡಿಯಬೇಕು. ಸೇತುವೆಯ ಮೇಲೆ ಮತ್ತು ಕೆಳಗೆ ಎರಡೂ ಕಡೆ ಗಾಳಿಯಾಡುವುದರಿಂದ ಅಲ್ಲಿ ಹಿಮ ಮೊದಲು ಕಟ್ಟುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ಕೊನೆಗೆ ಕರಗುತ್ತದೆ. ತಾಪಮಾನ ಸೊನ್ನೆಯ ಆಸುಪಾಸಿನಲ್ಲಿದ್ದಾಗ ಹಿಮದ ಮೇಲೆ ನೀರಿನ ತೆಳುಪದರವಿದ್ದು ಜಾರಿಕೆ ಅತಿ ಹೆಚ್ಚಿರುತ್ತದೆ. ಕಣ್ಣಿಗೆ ಬರೀ ಒದ್ದೆಯಾಗಿ ಕಾಣುವ ಕಪ್ಪು ರಸ್ತೆಯನ್ನು ಅಂಥ ಹೊತ್ತಿನಲ್ಲಿ ನಂಬಬಾರದು.

ಹೊರಗೆ 5 ಡಿಗ್ರಿ ಇದ್ದು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 3 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗೆ ಇಳಿದಾಗಲೇ ಬೆರಳಿನ ಚಳಕ ಕುಂದತೊಡಗುವುದರಿಂದ, ಮರಗಟ್ಟಿದ ಅನುಭವ ಬರುವ ಮೊದಲೇ ಬ್ರೇಕಿನ ಹಿಡಿತ ಒರಟಾಗಿರುತ್ತದೆ. ಬಿಸಿಯಾಗುವ ಹಿಡಿಕೆ ಅಥವಾ ಕೈಗವಸು, ಗಾಳಿ ನುಗ್ಗದ ಹೊರಪದರ, ಬೆವರು ಹೀರುವ ಒಳಪದರ, ಮಂಜು ಕಟ್ಟದ ಮುಂಗಾಜು ಇವುಗಳ ಜೊತೆಗೆ ನಿಲುಗಡೆಗಳನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಿಲುಗಡೆಯಲ್ಲಿ ಕೈಗವಸು ತೆಗೆದು, ಹೆಬ್ಬೆರಳಿನಿಂದ ಉಳಿದ ನಾಲ್ಕೂ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಪೆಟ್ಟಾಗಿದ್ದ ಕೈ ತಡವರಿಸಿದರೆ, ಇನ್ನೊಂದು ಕೈ ಎಷ್ಟೇ ಚುರುಕಾಗಿದ್ದರೂ, ಅದು ಬೆಚ್ಚಗಾಗಿ ಹದಕ್ಕೆ ಬರುವವರೆಗೆ ಬೈಕು ಅಲ್ಲೇ ನಿಲ್ಲಲಿ.